ಕಿಟಕಿಗೆ ಒಳಗಡೆ ಶಟರ್ ಹಾಕಿಸಿದರೆ ಮನೆ ತಂಪಾಗುತ್ತಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ಬೆಂಗಳೂರಿನಲ್ಲಿ ಫ್ಲ್ಯಾಟ್ ತಗೊಂಡಿದ್ದೀರಿ, ಹಾಲ್ ಪಶ್ಚಿಮಕ್ಕಿದೆ. ಪರದೆ ಬದಲು ಕಿಟಕಿಯ ಒಳಗಡೆ ಪಟ್ಟಿ ಪಟ್ಟಿಯ ಶಟರ್ ಹಾಕಿಸೋಣ ಅಂತಿದ್ದೀರಿ. ಅಂಗಡಿಯವರು "ಸೆಕೆ ಬರಲ್ಲ, ಸದ್ದು ಬರಲ್ಲ, ಧೂಳೂ ಕೂರಲ್ಲ" ಅಂದರು. ನಿಮ್ಮ ಮಾವ "ಮನೆ ಕತ್ತಲೆಯಾಗುತ್ತೆ, ಬೇಡ" ಅಂದರು.

ಇಬ್ಬರೂ ಹೇಳಿದ್ದು ಸರಿಯಿಲ್ಲ. ನಮ್ಮ ಮನೆಗೆ ಹಾಕಿಸಿ ನಾಲ್ಕು ವರ್ಷ ಆಯಿತು, ಆ ಧೈರ್ಯದ ಮೇಲೆ ಹೇಳುತ್ತಿದ್ದೇನೆ.

ಮೊದಲು ಹೆಸರಿನ ಗೋಜಲು ಬಿಡಿಸಿಕೊಳ್ಳಿ. ನಮ್ಮಲ್ಲಿ ಶಟರ್ ಅಂದರೆ ಅಂಗಡಿಯದು. ನಾನು ಫೋನಿನಲ್ಲಿ ಹೇಳಿದಾಗ ಅಮ್ಮ "ಏನೋ, ಹಾಲಲ್ಲಿ ಅಂಗಡಿ ಇಡ್ತೀಯೇನೋ?" ಅಂದಳು. ಬಡಗಿಗಳಿಗೆ ಶಟರ್ ಅಂದರೆ ಕಿಟಕಿಯ ಕದ, ಇಲ್ಲಾ ವಾರ್ಡ್‌ರೋಬ್ ಬಾಗಿಲು. ಒಬ್ಬರು ನನಗೆ ವಾರ್ಡ್‌ರೋಬ್ ರೇಟನ್ನೇ ಹೇಳಿದ್ದರು. ಅಯ್ಯೋ ಇಷ್ಟು ಅಗ್ಗವಾ ಅಂತ ಎರಡು ದಿನ ಖುಷಿಯಲ್ಲಿದ್ದೆ! "ತಿರುಗಿಸೋ ಪಟ್ಟಿ ಇರೋದು, ಲೂವರ್" ಅಂತ ಬಿಡಿಸಿ ಕೇಳಿ.

ಈಗ ಸೆಕೆಯ ವಿಷಯ. ಬೆಂಗಳೂರು ತಂಪು ಅನ್ನುವ ಕಾಲ ಹೋಯಿತು. 2016ರ ಏಪ್ರಿಲ್‌ನಲ್ಲೇ 39.2 ಡಿಗ್ರಿ ಮುಟ್ಟಿತ್ತು. ಹಾಗಾಗಿ ಶಟರ್ ಮಾರುವವರು ಮೊದಲು ಹೇಳುವುದೇ ತಂಪಿನ ಮಾತು. ಆದರೆ ಬಿಸಿಲು ಗಾಜು ದಾಟಿತು ಅಂದರೆ ಮನೆಯೊಳಗೆ ಬಂತು ಅಂತಲೇ ಅರ್ಥ. ಒಳಗಿನ ಶಟರ್ ಅದನ್ನು ತಡೆಯುವುದು ಗಾಜಿನ ಈಚೆ ಕಡೆ. ಪಟ್ಟಿಗಳು ಕಾಯುತ್ತವೆ, ಕಾದ ಪಟ್ಟಿ ಕೋಣೆಯನ್ನು ಕಾಯಿಸುತ್ತದೆ. ಸಂಜೆ ನಾಲ್ಕಕ್ಕೆ ನಮ್ಮ ಶಟರ್ ಮುಚ್ಚಿ, ಗಾಜಿಗೂ ಅದಕ್ಕೂ ನಡುವೆ ಕೈ ತೂರಿಸಿ ನೋಡಿದ್ದೇನೆ, ಆಗಷ್ಟೇ ದೋಸೆ ಎತ್ತಿದ ಹೆಂಚಿನ ಮೇಲೆ ಕೈ ಹಿಡಿದ ಹಾಗಿರುತ್ತದೆ. ಬಿಳಿ ಬಣ್ಣದ್ದಾದರೆ ಒಂದಿಷ್ಟು ಬೆಳಕು ಗಾಜಿನಿಂದ ಆಚೆಗೇ ವಾಪಸ್ ಹೋಗುತ್ತದೆ, ಏನೂ ಇಲ್ಲದ್ದಕ್ಕಿಂತ ವಾಸಿ. ಆದರೆ ಬಿಸಿಲನ್ನು ಗಾಜಿನ ಹೊರಗೇ ನಿಲ್ಲಿಸುವುದಕ್ಕೆ ಅದು ಸಮ ಅಲ್ಲ. ಪಶ್ಚಿಮದ ಸೂರ್ಯ ಕೆಳಗಿಳಿದು ನೇರ ಮುಖಕ್ಕೆ ಹೊಡೆಯುವುದರಿಂದ ಸಜ್ಜಾ ಇದ್ದರೂ ಜಾಸ್ತಿ ಉಪಯೋಗವಿಲ್ಲ. ಬಾಲ್ಕನಿ ಇದ್ದರೆ ಅದರ ಅಂಚಿಗೆ ಬಿದಿರಿನ ಪರದೆ ಇಳಿಬಿಡಿ. ಹೊರಗೆ ಏನೂ ಕಟ್ಟಬಾರದು ಅಂತ ಅಸೋಸಿಯೇಷನ್‌ನವರು ತಕರಾರು ತೆಗೆದರೆ ಅದು ಬೇರೆ ಯುದ್ಧ.

ಕತ್ತಲೆಯಾಗುತ್ತೆ ಅಂದ ಮಾವನವರಿಗೆ ಅವರ ಹಳ್ಳಿ ಮನೆಯ ಕಿಟಕಿ ನೆನಪಿಸಿ. ನಮ್ಮಜ್ಜಿ ಮನೆಯಲ್ಲಿ ಕಿಟಕಿಗೆ ನಾಲ್ಕು ಕದ ಇದ್ದವು, ಮೇಲೆರಡು, ಕೆಳಗೆರಡು. ಮಧ್ಯಾಹ್ನ ಅಜ್ಜಿ ಕೆಳಗಿನ ಎರಡು ಹಾಕಿ, ಮೇಲಿನವು ತೆಗೆದು, ಸರಳಿನ ಪಕ್ಕದಲ್ಲೇ ಚಾಪೆ ಹಾಸಿ ಮಲಗುತ್ತಿದ್ದಳು. ಬೀದಿಯವರಿಗೆ ಅವಳು ಕಾಣುತ್ತಿರಲಿಲ್ಲ, ಗಾಳಿ ಬೆಳಕು ಮಾತ್ರ ಧಾರಾಳ. ಈಗಿನ ಶಟರ್ ಮಾಡುವುದೂ ಅದನ್ನೇ, ಸ್ವಲ್ಪ ನಾಜೂಕಾಗಿ. ಪಟ್ಟಿಯ ನಮ್ಮ ಕಡೆಯ ಅಂಚು ಮೇಲಕ್ಕೆ ಬರುವ ಹಾಗೆ ಓರೆ ಮಾಡಿದರೆ ಬೆಳಕು ಸೀಲಿಂಗಿಗೆ ಹೋಗಿ ಅಲ್ಲಿಂದ ಕೋಣೆಗೆಲ್ಲ ಹರಡುತ್ತದೆ. ಎದುರಿನ ಎತ್ತರದ ಅಪಾರ್ಟ್‌ಮೆಂಟಿನವರಿಗೂ ಒಳಗಿನದು ಕಾಣುವುದಿಲ್ಲ. ಹಣ ಕೊಡುವುದಾದರೆ ಈ ಒಂದು ಅನುಕೂಲಕ್ಕೆ ಕೊಡಿ. ಪೂರ್ತಿ ಕತ್ತಲೆಯೇ ಬೇಕು ಅನ್ನುವ ನೈಟ್ ಶಿಫ್ಟ್‌ನವರಿಗೆ ಇದು ಆಗಲ್ಲ, ಅಂಚಿನಲ್ಲಿ ಬೆಳಕಿನ ಗೆರೆ ಇದ್ದೇ ಇರುತ್ತದೆ.

ಸದ್ದು? ಅದೇ ಸಂದಿಗಳಿಂದ ಹಾರ್ನ್ ಆರಾಮಾಗಿ ಬರುತ್ತದೆ. ಕಳ್ಳರಿಗೆ ಗ್ರಿಲ್ಲೇ ಬೇಕು, ಸೊಳ್ಳೆಗೆ ಮೆಶ್ಶೇ ಬೇಕು. ಧೂಳು ಕೂರುತ್ತದೆ, ಚೆನ್ನಾಗಿಯೇ ಕೂರುತ್ತದೆ. ಪರದೆಯಲ್ಲಿ ಅದು ಬಚ್ಚಿಟ್ಟುಕೊಂಡಿರುತ್ತದೆ, ಇಲ್ಲಿ ಕಣ್ಣಿಗೆ ಕಾಣುತ್ತದೆ, ಅಷ್ಟೇ ವ್ಯತ್ಯಾಸ. ಭಾನುವಾರ ಹಳೇ ಕಾಲುಚೀಲ ಕೈಗೆ ಹಾಕಿಕೊಂಡು ಒಂದೊಂದೇ ಪಟ್ಟಿ ಸವರುವುದು ನನ್ನ ಪಾಲಿನ ಕೆಲಸ. ಅಡುಗೆಮನೆಗಂತೂ ಮರದ್ದು ಬೇಡವೇ ಬೇಡ. ಒಗ್ಗರಣೆ ಜಿಡ್ಡಿಗೆ ಧೂಳು ಅಂಟಿದರೆ ಹೋಗಲ್ಲ, ಅಲ್ಲಿಗೆ ಪಿವಿಸಿ ಸಾಕು.

"ಅಪ್ಪಟ ಮರ, ಏನೂ ಆಗಲ್ಲ" ಅನ್ನುವುದನ್ನೂ ಪೂರ್ತಿ ನಂಬಬೇಡಿ. ನಮ್ಮದನ್ನು ಕೂರಿಸಿದ್ದು ಮೇ ತಿಂಗಳಲ್ಲಿ. ಜುಲೈ ಮಳೆಗೆ ಮರ ಉಬ್ಬಿ ನಡುವಿನ ಕದ ಚೌಕಟ್ಟಿಗೆ ಉಜ್ಜತೊಡಗಿತು. ಬಡಗಿ ಬಂದು ಉಜ್ಜುಗೊರಡಿನಲ್ಲಿ ಅಂಚು ಹೆರೆದುಕೊಟ್ಟ. ಜನವರಿಯ ಒಣಹವೆಗೆ ಅದೇ ಜಾಗದಲ್ಲಿ ಬೆರಳಿನ ಉಗುರು ಹೋಗುವಷ್ಟು ಸಂದಿ! ಮರ ಅಂದರೆ ಹಾಗೇ, ಹವೆ ಬದಲಾದಂತೆ ಉಬ್ಬಿ ಕುಗ್ಗುತ್ತದೆ. ಮಳೆಗಾಲದಲ್ಲಿ ಸ್ವಲ್ಪ ಹಿಡಿದುಕೊಂಡರೆ ತಕ್ಷಣ ಹೆರೆಸಬೇಡಿ, ಒಂದೆರಡು ತಿಂಗಳು ಕಾಯಿರಿ. ಎಂಡಿಎಫ್‌ನದಾದರೆ (ಮರದ ನಾರಿಗೆ ಅಂಟು ಬೆರೆಸಿ ಒತ್ತಿ ಮಾಡಿದ ಹಲಗೆ) ನೀರು ತಾಗಬಾರದು, ಒಮ್ಮೆ ಉಬ್ಬಿದರೆ ಅದು ಮತ್ತೆ ಮೊದಲಿನಂತಾಗಲ್ಲ. ನಿಮ್ಮದು ಮಂಗಳೂರೋ ಉಡುಪಿಯೋ ಆಗಿದ್ದರೆ ಎಂಡಿಎಫ್ ಮಾತೇ ಬೇಡ ಅನ್ನುತ್ತಿದ್ದೆ.

ಇನ್ನೊಂದು, ನನಗೆ ಯಾರೂ ಹೇಳಿರಲಿಲ್ಲ. ಅಳತೆಗೆ ಬಂದ ಹುಡುಗ ಉದ್ದ ಅಗಲ ಮಾತ್ರ ಬರೆದುಕೊಂಡು ಹೋದ. ಮೆಶ್ ಬಾಗಿಲಿನ ಹಿಡಿ ಎಷ್ಟು ಈಚೆಗೆ ಚಾಚಿದೆ ಅಂತ ನೋಡಲಿಲ್ಲ. ಮೂರೂವರೆ ಇಂಚಿನ ಪಟ್ಟಿ ತೆರೆದು ಅಡ್ಡ ನಿಂತಾಗ ಕದದ ಹಿಂದಕ್ಕೆ ಒಂದು ಇಂಚಿಗಿಂತ ಜಾಸ್ತಿ ಚಾಚುತ್ತದೆ. ಕೂರಿಸಿದ ದಿನವೇ ಐದನೇ ಪಟ್ಟಿ ಹಿಡಿಗೆ ಟಕ್ ಅಂತ ಬಡಿದು ನಿಂತಿತು. ಪಟ್ಟಿಗಳನ್ನೆಲ್ಲ ಒಟ್ಟಿಗೆ ತಿರುಗಿಸುವ ಕೋಲು ಒಂದೇ ಆದ್ದರಿಂದ ಉಳಿದವೂ ನಿಂತವು. ಕೊನೆಗೆ ಚೌಕಟ್ಟನ್ನೇ ಮುಂದಕ್ಕೆ ತಂದು ಮತ್ತೆ ಕೂರಿಸಬೇಕಾಯಿತು, ಅದರ ಖರ್ಚೂ ನನ್ನ ತಲೆಗೇ ಬಂತು.

ನಾನಾಗಿದ್ದರೆ ಪಶ್ಚಿಮದ ಹಾಲಿಗೆ ಮೊದಲು ಬಾಲ್ಕನಿಯ ಬಿದಿರು ಪರದೆ ನೋಡುತ್ತಿದ್ದೆ, ಶಟರನ್ನು ರಸ್ತೆ ಕಡೆಯ ಬೆಡ್‌ರೂಮಿಗೆ ಹಾಕಿಸುತ್ತಿದ್ದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಬ್ಲೈಂಡ್ಸ್‌ಗಿಂತ ಇದೇ ಮೇಲು, ಕುತ್ತಿಗೆಗೆ ಸುತ್ತಿಕೊಳ್ಳುವ ದಾರ ಇರಲ್ಲ. ಗೋಡೆ ಎಷ್ಟು ದಪ್ಪ ಇದೆ, ಹಿಡಿ ಎಷ್ಟು ಚಾಚಿದೆ ಅಂತ ಟೇಪ್ ಹಿಡಿದು ನೋಡಿ ಬರೆಯಿರಿ. ಯಾವ ಅಗಲದ ಪಟ್ಟಿ ಕೂರುತ್ತೆ ಅಂತ ಹೇಳುತ್ತೇನೆ.