ಕಾಳು ನೆನೆಯಲಿ, ಕುದಿಯುವುದು ಬೇಡ

ತಮ್ಮಾ, ಓದಲು ಅಮೆರಿಕದ ಕೊರ್ವಾಲಿಸ್‌ಗೆ ಬರುತ್ತಿದ್ದೀಯ ಅಂತ ಕೇಳಿ ತುಂಬಾ ಖುಷಿಯಾಯ್ತು. ಬಾಡಿಗೆ ಮನೆ ಕ್ಯಾಂಪಸ್ ಹತ್ತಿರವೇ ನೋಡಿಕೋ. ಆರೆಗಾನ್ ಮಳೆ ನಮ್ಮ ಮಲೆನಾಡಿನವರಿಗೆ ಹೊಸದಲ್ಲ, ಜರ್ಕಿನ್ ಇಲ್ಲೇ ಕೊಂಡರಾಯ್ತು.

ಮನೆಯಲ್ಲಿ ಬಿಯರ್ ಮಾಡಬಹುದಾ, ಕಾಳನ್ನು ಚೆನ್ನಾಗಿ ಕುದಿಸಿದರೆ ರುಚಿ ಜಾಸ್ತಿಯಾಗುತ್ತಾ, ಊರಿನ ರಾಗಿ ಹಾಕಬಹುದಾ ಅಂತ ಕೇಳಿದ್ದೀಯಲ್ಲ, ಅದನ್ನು ಬಿಡಿಸಿ ಹೇಳುತ್ತೇನೆ.

ಮಾಡಬಹುದು. 1978ರಲ್ಲಿ ಆಗಿನ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ಅದಕ್ಕೆ ದಾರಿ ಮಾಡಿತು. ಒಬ್ಬರೇ ಇದ್ದರೆ ವರ್ಷಕ್ಕೆ 100 ಗ್ಯಾಲನ್, ದೊಡ್ಡವರು ಇಬ್ಬರಿದ್ದರೆ 200. ಮಾರುವ ಹಾಗಿಲ್ಲ, ಬಟ್ಟಿ ಇಳಿಸುವ ಹಾಗಂತೂ ಇಲ್ಲವೇ ಇಲ್ಲ. ನಿನಗೆ 21 ತುಂಬಿರಬೇಕು. ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದರೆ ವೀಸಾನೇ ರದ್ದಾಗಬಹುದು. ನಿನ್ನ ಅಪ್ಪ ಅಮ್ಮ ಸಾಲ ಮಾಡಿ ಕಳಿಸುತ್ತಿದ್ದಾರೆ, ನೆನಪಿರಲಿ.

ಇನ್ನು ಕಾಳು. ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಕಾಳು, ಸಾಮಾನ್ಯವಾಗಿ ಬಾರ್ಲಿ. ಅದರಲ್ಲಿ ಕ್ರಿಸ್ಟಲ್ ಮಾಲ್ಟ್ ಅನ್ನುವ ಬಗೆ ಅರ್ಧ ಕೆಜಿ ಸಾಕು, 5 ಗ್ಯಾಲನ್ ಬಿಯರಿಗೆ ಆಗುತ್ತದೆ. ಅಂಗಡಿಯಲ್ಲೇ ತರಿತರಿಯಾಗಿ ಒಡೆಸು, ಹಿಟ್ಟಾಗಬಾರದು. ತೆಳು ಬಟ್ಟೆ ಚೀಲದಲ್ಲಿ ಕಟ್ಟಿ ಮೂರು ಲೀಟರ್ ನೀರಲ್ಲಿ ಅರ್ಧ ಗಂಟೆ ನೆನೆಸು. ನೀರು 65ರಿಂದ 70 ಡಿಗ್ರಿ ಸೆಲ್ಸಿಯಸ್ ಇರಲಿ. 77 ದಾಟಿದರೆ ಸಿಪ್ಪೆಯ ಒಗರು ಇಳಿಯುತ್ತದೆ, ಟೀ ಸೊಪ್ಪು ಹೆಚ್ಚು ಕುದಿಸಿದ ಹಾಗೆ. ನೀರು ಜಾಸ್ತಿಯಾದರೂ ಅದೇ ಕಥೆ. ಆಮೇಲೆ ಚೀಲ ತೆಗೆದು, ಒಲೆ ಆರಿಸಿ, ಮಾಲ್ಟ್ ಎಕ್ಸ್‌ಟ್ರಾಕ್ಟ್ (ಮಾಲ್ಟ್‌ನಿಂದ ಮಾಡಿದ ಸಿಹಿ ಪಾಕ ಅಥವಾ ಪುಡಿ) ಕಲಕು, ಇಲ್ಲದಿದ್ದರೆ ತಳ ಹಿಡಿಯುತ್ತದೆ. ಬಿಯರಿಗೆ ಕಹಿ, ಘಮ ಕೊಡುವ ಹೂವು ಹಾಪ್ಸ್, ಅದರಲ್ಲಿ ಕ್ಯಾಸ್ಕೇಡ್ ತಗೋ. 1972ರಲ್ಲಿ ಹೊರಬಂದ ಆ ತಳಿ ನಿನ್ನ ಕೊರ್ವಾಲಿಸ್‌ನದ್ದೇ.

ನೆನೆಸಿದರೆ ಸಾಕಾಗುವುದು ಇಂಥ ಕಾಳಿಗೆ ಮಾತ್ರ. ನಾನು ಬಂದ ಹೊಸತರಲ್ಲಿ ಪೋರ್ಟ್‌ಲ್ಯಾಂಡಿನ ಅಂಗಡಿಯವರೊಬ್ಬರು ಒಂದು ಕ್ರಿಸ್ಟಲ್ ಕಾಳು ಕೈಗಿಟ್ಟು ಅಗಿಯಲು ಹೇಳಿದರು. ಒಳಗೆ ಗಾಜಿನಂತೆ ಗಟ್ಟಿ, ಹಲ್ಲಿಗೆ ಅಂಟುವ ಸಿಹಿ. ಒದ್ದೆ ಕಾಳನ್ನೇ ಬಿಸಿಮಾಡಿ ಅದರ ಪಿಷ್ಟವನ್ನು ಒಳಗೇ ಸಕ್ಕರೆ ಮಾಡಿರುತ್ತಾರೆ. ರಾಗಿ ಹಾಗಲ್ಲ. ಮೊಳಕೆ ಬಂದ ರಾಗಿಯಲ್ಲೂ ಪಿಷ್ಟ ಹಾಗೇ ಇರುತ್ತದೆ. ಬಾರ್ಲಿಯ ಪೇಲ್ ಮಾಲ್ಟ್ (ಹೆಚ್ಚು ಹುರಿಯದ, ತಿಳಿ ಬಣ್ಣದ ಮಾಲ್ಟ್) ಜೊತೆ ಸೇರಿಸಿ 66 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ ಸಕ್ಕರೆಯಾಗುತ್ತದೆ.

ಅದನ್ನು ಅವರು ವಿವರಿಸುವಾಗ ನನಗೆ ನನ್ನ ಅಮ್ಮನೇ ಕಣ್ಣ ಮುಂದೆ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು ಮಿಲ್ಲಿಗೆ ಕಳಿಸುತ್ತಿದ್ದರು. ಮಾಲ್ಟ್ ಮಾಡುವುದು ಅಂದರೆ ಅದೇ ಅಲ್ವಾ? ಮೊಳಕೆ ಎಷ್ಟುದ್ದ ಬಂದಾಗ ಕಟ್ಟು ಬಿಚ್ಚುತ್ತಿದ್ದರು, ಯಾವ ಘಮಕ್ಕೆ ಬಾಣಲೆ ಇಳಿಸುತ್ತಿದ್ದರು, ನನಗೆ ಗೊತ್ತಿಲ್ಲ. ಪ್ರತಿ ಭಾನುವಾರ ಫೋನಿನಲ್ಲಿ ನೆಂಟರ ಮದುವೆ, ಅಡಿಕೆ ರೇಟು ಎಲ್ಲ ಮಾತಾಡುತ್ತಿದ್ದೆವು. ಬಿಯರ್ ವಿಷಯ ಎತ್ತಲು ನಾಲಿಗೆ ಹೊರಳಲಿಲ್ಲ. ಅಂಬಲಿಗೆ ಅಂತಾದರೂ ಕೇಳಬಹುದಿತ್ತು. ಈಗ ಅಮ್ಮ ಇಲ್ಲ. ಬಾರ್ಲಿ ಬಗ್ಗೆ ಏನು ಕೇಳಿದರೂ ಹೇಳುತ್ತೇನೆ, ನಮ್ಮ ಮನೆಯ ರಾಗಿ ಹದ ಮಾತ್ರ ಕೈಬಿಟ್ಟು ಹೋಯ್ತು.

ನಿನಗೆ ಹೊರಡಲು ಇನ್ನೂ ಟೈಮ್ ಇದೆ. ಒಂದು ಸಲ ನಿನ್ನ ಅಮ್ಮನ ಜೊತೆ ಕೂತು ನೀನೇ ಕಟ್ಟು ಕಟ್ಟಿ, ನೀನೇ ಹುರಿ. ಬಿಯರಿಗೆ ಬೇಕಾದ ಪಾಲನ್ನು ಹುರಿಯದೆ ತೆಗೆದಿಡು, ಹುರಿದರೆ ಪಿಷ್ಟ ಒಡೆಯುವ ಗುಣ ಹೋಗುತ್ತದೆ. ಬಂದ ಮೇಲೆ ಫೋನ್ ಮಾಡು. ನಮ್ಮನೆ ಬೀವರ್ಟನ್, ನಿನಗೆ ಒಂದೂವರೆ ಗಂಟೆ ದಾರಿ. ಶನಿವಾರ ಬಂದು ರಾತ್ರಿ ಉಳಿದುಕೋ, ಮುದ್ದೆ ಸಾರು ಮಾಡೋಣ, ದೊಡ್ಡ ಪಾತ್ರೆ ನನ್ನ ಹತ್ತಿರ ಇದೆ.