ಓದುಗರ ಪ್ರಶ್ನೆ: ದೂರದಲ್ಲಿರುವವರಿಗೆ ಊರಿನ ಸುದ್ದಿ

ಪ್ರಶ್ನೆ: ನಿಶ್ಚಯವಾದ ಹುಡುಗ ನಮ್ಮೂರಿನವನೇ, ಈಗ ಪುಣೆಯಲ್ಲಿದ್ದಾನೆ. ದಿನಾ ಫೋನ್ ಮಾಡಿದರೂ ‘ಊಟ ಆಯ್ತಾ, ಮಳೆ ಬಂತಾ’ ಮುಗಿದ ಮೇಲೆ ಮಾತೇ ಇರುವುದಿಲ್ಲ. ಏನು ಹೇಳಲಿ?
– ಓದುಗಿ, ಶಿವಮೊಗ್ಗ

ಉತ್ತರ: ‘ಜೋರು ಮಳೆ’ ಅಂದರೆ ಪುಣೆಯಲ್ಲಿ ಕೂತವನಿಗೆ ಏನೂ ಕಾಣುವುದಿಲ್ಲ. ‘ಕೋರ್ಪಲಯ್ಯನ ಮಂಟಪದ ಕಂಬ ಅರ್ಧ ಮುಳುಗಿದೆ’ ಅನ್ನಿ, ಹೊಳೆಯೇ ಕಣ್ಣೆದುರು ಬರುತ್ತದೆ. ಹೊಳೆಯಲ್ಲಿರುವ ಈ ಮಂಟಪ ಪೂರ್ತಿ ಮುಳುಗಿದರೆ ತುಂಗೆ ತುಂಬಿದಳು ಎಂಬುದು ಊರಿನ ಲೆಕ್ಕ. ಪುನರ್ವಸು, ಪುಷ್ಯ ಮಳೆಯಲ್ಲಿ ದಿನಕ್ಕೊಂದು ಫೋಟೊ ತೆಗೆಯಿರಿ. ಒಂದೇ ಜಾಗ, ಒಂದೇ ಹೊತ್ತು, ಜೂಮ್ ಬೇಡ. ಚೌಕಟ್ಟಿನ ಅಂಚಿಗೆ ಒಂದು ಕಂಬವೋ ಕಂಬಿಯೋ ಬರಲಿ. ಅದಿಲ್ಲದೆ ನೀವು ಎರಡು ಹೆಜ್ಜೆ ಸರಿದರೂ ನೀರು ಏರಿದ ಹಾಗೆ ಕಾಣುತ್ತದೆ. ಮೆಟ್ಟಿಲಿಗೆ ಮಾತ್ರ ಇಳಿಯಬೇಡಿ. ಊರಿನ ಮೇಲುಗಡೆ ತುಂಗೆಗೆ ಕಟ್ಟಿದ ಗಾಜನೂರಿನ ಅಣೆಕಟ್ಟು ಚಿಕ್ಕದು, 3.24 ಟಿಎಂಸಿ ಅಷ್ಟೆ. ಶೃಂಗೇರಿ, ತೀರ್ಥಹಳ್ಳಿ ಕಡೆ ಸುರಿದರೆ ಗೇಟು ಎತ್ತಲೇಬೇಕು. ಪೇಟೆಯಲ್ಲಿ ಹನಿಯಿಲ್ಲದ ದಿನವೂ ಹೊಳೆ ಏರುತ್ತದೆ.

ಪ್ರಶ್ನೆ: ಹಂಚಿನ ಮೇಲಿನ ಮಳೆ ಸದ್ದನ್ನು ವಾಟ್ಸಾಪ್ ವಾಯ್ಸ್ ಮೆಸೇಜಿನಲ್ಲಿ ಕಳಿಸಿದರೆ ದೂರದಲ್ಲಿರುವ ಗೆಳತಿ ‘ಬಾಣಲೆಯಲ್ಲಿ ಏನು ಕರೀತಿದ್ದೀಯ’ ಅಂತ ಕೇಳುತ್ತಾಳೆ!
– ಓದುಗ, ಹೊಸನಗರ

ಉತ್ತರ: ಅವಳದ್ದು ತಪ್ಪಿಲ್ಲ. ವಾಯ್ಸ್ ಮೆಸೇಜು ಇರುವುದು ಮಾತಿಗೆ. ಸದ್ದನ್ನು ಹಿಂಡಿ ಚಿಕ್ಕದು ಮಾಡುತ್ತದೆ. ಒಂದೇ ಸಮ ಸುರಿಯುವ ಮಳೆ ಹಾಗೆ ಹಿಂಡಿದರೆ ಎಣ್ಣೆ ಕಾದಂತೆಯೇ ಕೇಳುವುದು. ಫೋನಿನ ರೆಕಾರ್ಡರ್ ಆ್ಯಪ್‌ನಲ್ಲಿ ಗುಣಮಟ್ಟವನ್ನು ಹೆಚ್ಚಿಗೆ ಇಡಿ, ವೇವ್ (WAV) ಇದ್ದರೆ ಅದನ್ನೇ ಆರಿಸಿ. ನಿಮಿಷಕ್ಕೆ ಸುಮಾರು 5 ಎಂಬಿ ಆಗುತ್ತದೆ, 2 ನಿಮಿಷ ಸಾಕು. ಕಳಿಸುವಾಗ ‘ಡಾಕ್ಯುಮೆಂಟ್’ ಆಗಿ ಕಳಿಸಿ. ತಗಡಿನ ಕೆಳಗೆ ಬೇಡ, ಸದ್ದು ಒಡೆಯುತ್ತದೆ. ಜಗಲಿಯಲ್ಲಿ, ಸೂರಿನ ನೀರು ಬೀಳುವ ಜಾಗದಿಂದ ಒಂದು ಮಾರು ಒಳಗೆ, ಮಡಿಸಿದ ಟವೆಲ್ ಮೇಲೆ ಫೋನ್ ಇಡಿ. ಚಾರ್ಜರ್ ತೂತಿನ ಪಕ್ಕದ ಮೈಕಿಗೆ ಗಾಳಿ ಬಡಿಯದಂತೆ ತೆಳು ಹತ್ತಿಬಟ್ಟೆ ಹೊದೆಸಿ. ಸೂರಿನಡಿ ಒಂದು ತಾಮ್ರದ ಕೊಡ ಇಟ್ಟರೆ ಇನ್ನೂ ಚೆನ್ನ: ತುಂಬುತ್ತಾ ಬಂದಂತೆ ಸ್ವರ ಏರುತ್ತದೆ, ಬಾಣಲೆ ಎಂಬ ಅನುಮಾನವೂ ಹೋಗುತ್ತದೆ. ಕರೆಂಟು ಹೋಗಿ ಟವರಿನ ಬ್ಯಾಟರಿ ಮುಗಿದಿದ್ದರೆ ‘ಸೆಂಡ್’ ಒತ್ತಿಟ್ಟು ಮಲಗಿ, ಸಿಗ್ನಲ್ ಬಂದಾಗ ಹೋಗುತ್ತದೆ.

ಪ್ರಶ್ನೆ: ಅಪ್ಪೆಮಿಡಿ ಪಾರ್ಸೆಲ್ ದಾರಿಯಲ್ಲೇ ಸೋರಿತು. ಏನು ತಪ್ಪಾಯಿತು?
– ಓದುಗಿ, ಸಾಗರ

ಉತ್ತರ: ಹೊಸ ಉಪ್ಪಿನಕಾಯಿ ಹಾಕಿ ಕಳಿಸಿರಬೇಕು. ಹುದುಗು ನಿಲ್ಲದ ಮಿಡಿ ಗಾಳಿ ಬಿಡುತ್ತದೆ, ಅದು ಮುಚ್ಚಳ ಎತ್ತಿ ರಸ ಹೊರಗೆ ತಳ್ಳುತ್ತದೆ. ಎರಡು ಮೂರು ತಿಂಗಳು ಭರಣಿಯಲ್ಲಿ ಕೂತಿದ್ದನ್ನು ಕಳಿಸಿ. ಗಾಜು ಬೇಡ, ದಪ್ಪ ಪ್ಲಾಸ್ಟಿಕ್ ಡಬ್ಬಿ ಸಾಕು. ಮೇಲೆ ಒಂದು ಬೆರಳು ಖಾಲಿ ಬಿಡಿ, ಮುಚ್ಚಳದಡಿ ಪ್ಲಾಸ್ಟಿಕ್ ಹಾಳೆ, ಸುತ್ತ ಟೇಪು, ಆಮೇಲೆ ಎರಡು ಕವರು. ಜೊತೆಗೆ ಹಲಸಿನ ಹಪ್ಪಳ ಹಾಕುವುದಾದರೆ ಅದಕ್ಕೆ ಬೇರೆ ಪೆಟ್ಟಿಗೆ. ಒಂದು ಹನಿ ರಸ ತಾಗಿದರೂ ಹಪ್ಪಳ ಮೆತ್ತಗೆ.