ಇಲಿ ಸತ್ತು ಬಿದ್ದರೆ ಹಿಂದೆ ಜನ ಊರನ್ನೇ ಬಿಟ್ಟು ಹೋಗುತ್ತಿದ್ದರಂತೆ, ಯಾಕೆ?

ಇಲಿ ಸಾಯುವುದೇ ಪ್ಲೇಗಿನ ಮೊದಲ ಸುಳಿವು, ಅದಕ್ಕೆ. ಸಾಮಾನ್ಯವಾಗಿ ಮನುಷ್ಯರಿಗೆ ಜ್ವರ ಬರುವುದಕ್ಕೆ ಒಂದೆರಡು ವಾರ ಮೊದಲೇ ಇಲಿಗಳು ಉರುಳತೊಡಗುತ್ತಿದ್ದವು. ಅಷ್ಟರೊಳಗೆ ಹೊಲದಲ್ಲಿ ಗುಡಿಸಲು ಹಾಕಿಕೊಂಡವರಿಗೆ ಉಳಿಯುವ ಅವಕಾಶ ಹೆಚ್ಚು.

ರೋಗ ಹರಡುವುದು ಚಿಗಟದಿಂದ. ಸೋಂಕಿದ ಇಲಿಯ ರಕ್ತ ಕುಡಿದ ಚಿಗಟದ ಹೊಟ್ಟೆಯಲ್ಲಿ ರೋಗಾಣು ಬೆಳೆಯುತ್ತದೆ. ಇಲಿ ಸತ್ತು ಮೈ ತಣ್ಣಗಾದ ಮೇಲೆ ಚಿಗಟ ಅಲ್ಲಿ ನಿಲ್ಲುವುದಿಲ್ಲ, ಇನ್ನೊಂದು ಇಲಿ ಹುಡುಕುತ್ತದೆ. ಮನೆಯ ಇಲಿಗಳೆಲ್ಲ ಸತ್ತ ಮೇಲೆ ಅದಕ್ಕೆ ಸಿಗುವುದು ಚಾಪೆ ಹಾಸಿ ನೆಲದಲ್ಲಿ ಮಲಗಿದವರ ಬೆಚ್ಚಗಿನ ಮೈ. ಕಚ್ಚಿದ ಒಂದು ವಾರದೊಳಗೆ ಜ್ವರ, ತೊಡೆಸಂದಿಯಲ್ಲೋ ಕಂಕುಳಲ್ಲೋ ಗಡ್ಡೆ.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಇದು ಸಾಬೀತಾಗಿರಲಿಲ್ಲ. ಚಿಗಟದ ಮಾತನ್ನು ಅದೇ ವರ್ಷ ಫ್ರೆಂಚ್ ವೈದ್ಯ ಸಿಮೊಂಡ್ ಹೇಳಿದರೂ ಹೆಚ್ಚಿನವರು ನಂಬಲಿಲ್ಲ. 1905ರ ನಂತರ ಮುಂಬೈಯಲ್ಲಿ ಸಂಶೋಧಕರು ಪ್ಲೇಗ್ ಮನೆಗಳೊಳಗೆ ಗಿನಿಯಿಲಿಗಳ ಗೂಡು ಇಟ್ಟು ನೋಡಿದರು. ಚಿಗಟ ನುಸುಳದಂಥ ಸಣ್ಣ ಜಾಲರಿ ಸುತ್ತಿದ ಗೂಡಿನವು ಬದುಕಿದವು. ಜಾಲರಿ ಇಲ್ಲದ ಗೂಡುಗಳಲ್ಲಿ ಸೋಂಕು ತಗುಲಿತು. ಎಷ್ಟು ಸರಳವಾದ, ಎಷ್ಟು ಗಟ್ಟಿಯಾದ ಪ್ರಯೋಗ!

ಆದರೆ ಜನ ಅದಕ್ಕೆ ಕಾದು ಕೂತಿರಲಿಲ್ಲ, ಕಣ್ಣಾರೆ ಕಂಡದ್ದನ್ನೇ ನಂಬಿ ಊರು ಬಿಟ್ಟಿದ್ದರು. ವಿಜ್ಞಾನಿ ಹಾಫ್‌ಕಿನ್ ತಯಾರಿಸಿದ ಪ್ಲೇಗ್ ಚುಚ್ಚುಮದ್ದು 1897ರಿಂದಲೇ ಇತ್ತು, ಹಾಕಿಸಿಕೊಳ್ಳಲು ಬಹಳ ಮಂದಿ ಹೆದರುತ್ತಿದ್ದರು. ಖಾಲಿಯಾದ ಮನೆಗಳಲ್ಲಿ ಹೆಂಚು ತೆಗೆಸಿ ಒಳಗೆ ಬಿಸಿಲು ಬೀಳುವಂತೆ ಮಾಡಿ, ಗೋಡೆಗೆ ಸುಣ್ಣ ಬಳಿಸುತ್ತಿದ್ದರು. ಒಣ ಬಿಸಿಲಲ್ಲಿ ಚಿಗಟ ಹೆಚ್ಚು ದಿನ ಬದುಕುವುದಿಲ್ಲ.